ಠಾಣೆಯ ಎದುರಿನ ಬೆಂಚು

ಬೆಳಗ್ಗೆ ಬಂದ ಮೊದಲ ದೂರು ಕೇಳಿ ಇನ್ಸ್‌ಪೆಕ್ಟರಮ್ಮನಿಗೆ ನಗು ಉಕ್ಕಿ ಬಂತು. ಠಾಣೆಯ ಎದುರಿನ ಕಬ್ಬಿಣದ ಬೆಂಚನ್ನೇ ಯಾರೋ ಕದ್ದಿದ್ದರು.

ಬೀದಿಯವರು ಸೇರಿ ಹಾಕಿಸಿದ ಬೆಂಚು ಅದು. ಪೊಲೀಸರು ಯಾರನ್ನು ಹಿಡಿದು ತಂದರು, ಯಾರ ಮೇಲೆ ರೇಗಿದರು ಎಂದು ಕಣ್ಣಿಡಲು ಅವರು ಸರದಿಯ ಮೇಲೆ ಅಲ್ಲಿ ಕೂರುತ್ತಿದ್ದರು. ಅದು ಬಂದ ಮೇಲೆಯೇ ಜನ ಧೈರ್ಯವಾಗಿ ಠಾಣೆಯ ಮೆಟ್ಟಿಲು ಹತ್ತತೊಡಗಿದ್ದು.

“ನೀವೇ ಎತ್ತಿಸಿದ್ದು ಅಂತಿದಾರೆ ಜನ,” ಎಂದಳು ದೂರು ತಂದ ಟೈಲರಮ್ಮ. “ಎಫ್‌ಐಆರ್ ಹಾಕ್ತೀರೋ, ನಾಳೆ ಬಾ ಅಂತೀರೋ?”

“ಈಗ್ಲೇ ಹಾಕ್ತೀವಿ. ಕೂತ್ಕೊಳ್ಳಿ.”

“ಎಲ್ಲಿ ಕೂರ್ಲಿ? ಬೆಂಚೇ ಇಲ್ವಲ್ಲ!”

ದಫೇದಾರ ತಲೆ ಎತ್ತದೆ ದೂರು ಬರೆದುಕೊಂಡ. ಕಳ್ಳ ಸಿಗದಿದ್ದರೆ ಬೀದಿಯ ನಂಬಿಕೆ ನೀರುಪಾಲಾಗುತ್ತದೆ ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು.

ಸ್ಥಳ ಪಂಚನಾಮೆ ನಡೆಯಿತು. ನಟ್ಟುಗಳನ್ನು ನಾಜೂಕಾಗಿ ಬಿಚ್ಚಿದ್ದರು. ಬೆಂಚು ಎಳೆದ ಗೀರು ರಸ್ತೆ ದಾಟಿ, ಬೇರೆಲ್ಲೂ ತಿರುಗದೆ, ಠಾಣೆಯ ಹಿಂಬಾಗಿಲಿಗೇ ಬಂದಿತ್ತು. ಪೇದೆಗಳು ಮುಖ ಮುಖ ನೋಡಿಕೊಂಡರು.

“ಸ್ಪ್ಯಾನರ್ ಯಾರ ಹತ್ರ ಇದೆ?”

“ನಿನ್ನೆ ದಫೇದಾರ್ರು ಈಸ್ಕೊಂಡ್ರು ಮೇಡಂ,” ಎಂದು ಜೀಪಿನ ಡ್ರೈವರ್ ತಲೆ ಕೆರೆದುಕೊಂಡ. “ನಲ್ಲಿ ರಿಪೇರಿಗೆ ಅಂದ್ರು.”

ಹಿತ್ತಲಲ್ಲಿ ಜಪ್ತಿಯಾದ ಮಾಲು. ತುಕ್ಕು ಹಿಡಿದ ಸೈಕಲಿಗೂ ಕೇಸ್ ನಂಬರಿನ ಚೀಟಿ ಕಟ್ಟಿತ್ತು. ಮೂಲೆಯ ಟಾರ್ಪಾಲಿನಡಿ ಚೀಟಿ ಇಲ್ಲದೆ ಮಲಗಿದ್ದದ್ದು ಬೆಂಚು ಮಾತ್ರ.

“ಯಾಕ್ರೀ?”

ದಫೇದಾರನ ಮುಖ ಹುಳ್ಳಗಾಯಿತು. “ಸಂಜೆ ಸರದಿ ನಮ್ಮಮ್ಮಂದು ಮೇಡಂ. ಇಲ್ಲಿ ಯಾರನ್ನಾದ್ರೂ ಗದರಿದ್ರೆ, ಮನೇಲಿ ತಟ್ಟೆ ಮುಂದೆ ವಿಚಾರಣೆ. ತುತ್ತು ಗಂಟಲಲ್ಲಿ ಇಳಿಯಲ್ಲ. ಬೆಂಚಿಲ್ಲದಿದ್ರೆ ಸುಮ್ನೆ ಮನೇಲಿರ್ತಾಳೆ ಅಂದ್ಕೊಂಡೆ.”

ಪಾಪ ಎನ್ನಿಸಿತು. ಮುಚ್ಚಿಹಾಕಲು ಒಂದು ಮಾತು ಸಾಕಿತ್ತು. ಆದರೆ ಆಗ ಬೀದಿಯ ಅನುಮಾನವೇ ನಿಜವಾಗುತ್ತಿತ್ತು. ಇನ್ಸ್‌ಪೆಕ್ಟರಮ್ಮ ಅವನನ್ನು ಬಂಧಿಸಿ, ಬೆಂಚಿಗೂ ಒಂದು ಚೀಟಿ ಕಟ್ಟಿಸಿದಳು.

ಸುದ್ದಿ ಕೇಳಿ ತಾಯಿ ಧಾವಿಸಿ ಬಂದಳು. ಮಗನ ಗ್ರಹಚಾರ ಬಿಡಿಸುತ್ತಾಳೆಂದು ಠಾಣೆಯೆಲ್ಲ ಕಿವಿ ನೆಟ್ಟಗೆ ಮಾಡಿತು. ಮುದುಕಿ ನೇರ ಇನ್ಸ್‌ಪೆಕ್ಟರಮ್ಮನ ಮೇಜಿನ ಮುಂದೆ ನಿಂತಳು.

“ಯಾಕೆ ಹಿಡಿದ್ರಿ ಅಂತ ಅವನಿಗೆ ಹೇಳಿದ್ರಾ? ವಕೀಲರನ್ನ ಕರೆಸ್ಕೋಬಹುದು ಅಂದ್ರಾ? ಯಾರೂ ಕೈ ಮಾಡಿಲ್ಲ ತಾನೆ?”

“ಎಲ್ಲಾ ಹೇಳಿದೀವಮ್ಮ. ಯಾರೂ ಮುಟ್ಟಿಲ್ಲ.”

“ಸರಿ. ಬೈಯೋದು ಮನೇಲಿ ಬೈತೀನಿ. ಜಾಮೀನು ಸಿಗೋ ತನಕ ಎದುರಿಗೇ ಕೂತಿರ್ತೀನಿ.”

ಕೂರಲು ಬೆಂಚೆಲ್ಲಿ? ಅದೀಗ ಜಪ್ತಿಯಾದ ಮಾಲು. ಇನ್ಸ್‌ಪೆಕ್ಟರಮ್ಮ ತನ್ನ ಕುರ್ಚಿಯನ್ನೇ ಹೊತ್ತು ರಸ್ತೆ ದಾಟಿ ಹಾಕಿ ಬಂದಳು. ಲಾಕಪ್ಪಿನ ಕಂಬಿ ಹಿಡಿದು ನಿಂತಿದ್ದ ದಫೇದಾರ ಎದುರಿನ ಕಿಟಕಿಯತ್ತ ಕತ್ತು ಚಾಚಿ ಕೇಳಿದ:

“ಅಮ್ಮ ಅಲ್ಲೇ ಇದಾಳೆ ತಾನೆ, ಮೇಡಂ?”