ಹತ್ತಿರದ ಲೆನ್ಸು

ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲಿನಿಂದ ಒಳಗಿಳಿದು, ಸಾಲಾಗಿ ಜೋಡಿಸಿಟ್ಟ ಕನ್ನಡಕಗಳ ಮೇಲೆ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು. ಗಿರಾಕಿಗಳು ಬಾರದ ಹೊತ್ತು. ಅಂಗಡಿಯ ಒಡತಿ ಮೇಜಿಗೆ ಮೊಣಕೈ ಊರಿ, ಒಂದು ಫ್ರೇಮಿನ ಸಾಸಿವೆಯಷ್ಟು ಸ್ಕ್ರೂವನ್ನು ಬಿಗಿಯುತ್ತಿದ್ದಳು. ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಕೊರಳಲ್ಲಿ ಹೊಚ್ಚ ಹೊಸ ಕ್ಯಾಮೆರಾ, ಹುಬ್ಬಿನ ಮೇಲೆ ಬಿಳಿ ಹಿಟ್ಟು, ಮುಖದಲ್ಲಿ ಪರೀಕ್ಷೆಯಲ್ಲಿ ಫೇಲಾದವನ ಕಳೆ.

“ನನ್ನ ಕಣ್ಣು ಹೋಯ್ತು ಅನ್ಸುತ್ತೆ,” ಅಂದ.

“ಬಾಗಿಲಿಗೆ ಡಿಕ್ಕಿ ಹೊಡೀದೆ ಬಂದ್ರಲ್ಲ, ಅಷ್ಟೇನೂ ಹೋಗಿಲ್ಲ. ಕೂತ್ಕೊಳ್ಳಿ.”

ಅವನು ಕೂತು ತನ್ನ ಕಷ್ಟ ತೋಡಿಕೊಂಡ. ರಸ್ತೆಯ ತಿರುವಿನಲ್ಲಿರುವ ಬೇಕರಿಯಲ್ಲಿ ಬ್ರೆಡ್ ಮಾಡುವವನಂತೆ. ಪಕ್ಕದ ಕ್ಯಾಮೆರಾ ಅಂಗಡಿಯ ಮಾಮನ ಹತ್ತಿರ ನಿನ್ನೆಯಷ್ಟೇ ಈ ಕ್ಯಾಮೆರಾ ಕೊಂಡಿದ್ದನಂತೆ. ಆ ಪುಟ್ಟ ಕಿಂಡಿಯಲ್ಲಿ ಕಣ್ಣಿಟ್ಟರೆ ಜಗತ್ತೆಲ್ಲ ಮಂಜು ಮಂಜು. ಮಾಮ ಊಟಕ್ಕೆ ಹೋಗಿದ್ದಾರೆ. ಕ್ಯಾಮೆರಾ ಹೊಸದು, ಅಂದಮೇಲೆ ಕೆಟ್ಟಿರುವುದು ಹಳೆಯದಾದ ತನ್ನ ಕಣ್ಣೇ ಇರಬೇಕು!

ಅವಳು ನಗು ತಡೆದುಕೊಂಡು ಅವನ ಗಲ್ಲವನ್ನು ಯಂತ್ರದ ಮೇಲಿಡಿಸಿ, ಬೆಳಕು ಬಿಟ್ಟು ನೋಡಿದಳು. ದಿನವಿಡೀ ಒಂದು ಗೇಣು ದೂರದಲ್ಲಿ ಪರರ ಕಣ್ಣು ನೋಡುವುದೇ ಅವಳ ಕಸುಬು. ಅವಳಿಗೆ ಕಣ್ಣೆಂದರೆ ಬರೀ ಕಣ್ಣು. ಆದರೆ ಬೆಳಕು ಬಿದ್ದಾಗ ಇವನ ಕಣ್ಣು ಜೇನಿನ ಬಣ್ಣಕ್ಕೆ ತಿರುಗಿತಲ್ಲ, ಅದನ್ನು ಅವಳು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು.

“ಉಸಿರು ಬಿಡ್ಬೋದಾ?” ಅವನು ಪಿಸುಗುಟ್ಟಿದ.

“ಬಿಡಿ. ಹಿಡ್ಕೊಳ್ಳಿ ಅಂದವರು ಯಾರು?”

“ಯಾರೂ ಅನ್ಲಿಲ್ಲ.”

ಕಣ್ಣಿಗೆ ಏನೂ ಆಗಿರಲಿಲ್ಲ. ದೂರದ್ದು ಒಂಚೂರು ಮಸುಕು, ಅಷ್ಟೇ. ಅವಳು ಕ್ಯಾಮೆರಾ ಇಸಿದುಕೊಂಡು ಕಿಂಡಿಯ ಪಕ್ಕದಲ್ಲಿ ಬೆರಳಾಡಿಸಿದಳು. ಅಲ್ಲೊಂದು ಪುಟ್ಟ ಚಕ್ರ, ಅದರ ಮೇಲೆ ಪ್ಲಸ್ಸು ಮೈನಸ್ಸು. “ನಮ್ಮ ಕನ್ನಡಕದ ಪವರ್ ಇದ್ದ ಹಾಗೇ ಇದು. ಮಾಮ ತಮ್ಮ ಕಣ್ಣಿಗೆ ತಿರುಗಿಸಿಟ್ಟಿದ್ದಾರೆ. ನಿಮ್ಮ ಕಣ್ಣಿಗೆ ನೀವು ತಿರುಗಿಸ್ಕೊಳ್ಳಿ.”

ತಿರುಗಿಸಿದ. ಅವನ ಬಾಯಿ ತಾನಾಗಿ ತೆರೆಯಿತು. ಕ್ಯಾಮೆರಾದೊಳಗಿಂದಲೇ ಕನ್ನಡಕಗಳನ್ನು ನೋಡಿದ, ಬಾಗಿಲನ್ನು ನೋಡಿದ, ಬಿಸಿಲಲ್ಲಿ ತೇಲುವ ಧೂಳನ್ನು ನೋಡಿದ. ಹಾಗೇ ಅವಳತ್ತ ತಿರುಗಿದ. ಅವಳು ತಟ್ಟನೆ ಬಗ್ಗಿ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದಳು. ಅವನು ಕ್ಯಾಮೆರಾ ಕೆಳಗಿಳಿಸುವವರೆಗೂ ಆ ‘ಏನೋ’ ಸಿಗಲೇ ಇಲ್ಲ. ಸಂಭ್ರಮದಲ್ಲಿದ್ದ ಅವನಿಗೆ ಅದು ಹೊಳೆಯಲೂ ಇಲ್ಲ.

ಅವಳ ಎಡಗಣ್ಣಿಗೆ ಚಿಕ್ಕಂದಿನಲ್ಲಿ ಆಪರೇಷನ್ ಆಗಿತ್ತು. ಮಿಕ್ಕ ಹೊತ್ತು ನೇರವಾಗಿಯೇ ಇರುವ ಆ ಕಣ್ಣು, ದಣಿವಾದರೆ ಮಾತ್ರ ಹೇಳದೆ ಕೇಳದೆ ಹೊರಗಿನ ಮೂಲೆಗೆ ಸರಿಯುತ್ತಿತ್ತು. ಎಂದೋ ಒಂದು ಸಂಬಂಧಕ್ಕೆಂದು ಮನೆಯವರು ಅವಳ ಫೋಟೋ ಕಳಿಸಿದಾಗ ಆ ಕಡೆಯಿಂದ ಬಹಳ ಮರ್ಯಾದೆಯಾಗಿ ಉತ್ತರ ಬಂದಿತ್ತು: “ನೇರ ನೋಡ್ತಿರೋ ಫೋಟೋ ಬೇರೆ ಇದ್ರೆ ಕಳಿಸಿ.” ಬೇರೆ ಇರಲಿಲ್ಲ. ಆಮೇಲೆ ಅವಳು ತೆಗೆಸಿಕೊಳ್ಳಲೂ ಇಲ್ಲ. ಅಕ್ಕನ ಮಕ್ಕಳ ಹುಟ್ಟುಹಬ್ಬದ ಫೋಟೋಗಳನ್ನೆಲ್ಲ ತೆಗೆದವಳು ಅವಳೇ, ಹಾಗಾಗಿ ಒಂದರಲ್ಲೂ ಅವಳಿಲ್ಲ.

ಬ್ರೆಡ್ಡಿನವನು ಮರುದಿನವೂ ಬಂದ. ಆಮೇಲೆ ಬರುತ್ತಲೇ ಇದ್ದ. ಒಂದು ಕೈಯಲ್ಲಿ ಬೆಚ್ಚಗಿನ ಬನ್ನಿನ ಪೊಟ್ಟಣ, ಇನ್ನೊಂದರಲ್ಲಿ ಕ್ಯಾಮೆರಾ. ಮೊದಮೊದಲು ಅವನ ಫೋಟೋಗಳು ನಗು ತರಿಸುತ್ತಿದ್ದವು. ಒಂದರಲ್ಲಿ ಬೀದಿ ಕರ್ರಗೆ, ಇನ್ನೊಂದರಲ್ಲಿ ಕಿಟಕಿ ಸುಣ್ಣ ಬಳಿದ ಹಾಗೆ ಬೆಳ್ಳಗೆ.

“ಕಣ್ಣಿನ ಪಾಪೆ ಕತ್ತಲಲ್ಲಿ ಅಗಲ ಆಗುತ್ತೆ, ಬೆಳಕಲ್ಲಿ ಕಿರಿದಾಗುತ್ತೆ,” ಎಂದು ಅವಳು ವಿವರಿಸಿದಳು. “ನಿಮ್ಮ ಲೆನ್ಸಿನೊಳಗೂ ಅಂಥದ್ದೇ ಒಂದಿದೆ. ನಂಬರ್ ಚಿಕ್ಕದಾದ್ರೆ ಪಾಪೆ ದೊಡ್ಡದು.”

“ಅದ್ಯಾಕೆ ಉಲ್ಟಾ?”

“ನಿಮ್ಮಂಥವರನ್ನ ಗೋಳು ಹುಯ್ಕೊಳ್ಳೋದಕ್ಕೆ.”

ಅವನು ನಕ್ಕ. ನಕ್ಕಾಗ ಅವನ ಕಣ್ಣು ಮೊದಲು, ತುಟಿ ಆಮೇಲೆ. ಈ ಕ್ರಮವನ್ನು ತಾನು ಗಮನಿಸಿದ್ದೇಕೆ ಎಂದು ಅವಳು ತನ್ನನ್ನೇ ಗದರಿಕೊಂಡಳು.

“ಇದ್ದಕ್ಕಿದ್ದ ಹಾಗೆ ಈ ಹುಚ್ಚು ಯಾಕೆ ಹಿಡೀತು ನಿಮಗೆ?” ಒಮ್ಮೆ ಕೇಳಿದಳು.

ಅವನು ಬನ್ನಿನ ತುದಿಯನ್ನು ಚಿವುಟಿದ. “ಎಲ್ಲರೂ ಮಲಗಿರೋವಾಗ ನನ್ನ ಕೆಲಸ ಶುರು. ಎಲ್ಲರೂ ಹೊರಗೆ ಬರೋ ಹೊತ್ತಿಗೆ ನನಗೆ ನಿದ್ದೆ. ಬೆಳಗಾಗೋದು ಎಷ್ಟು ಚೆಂದ ಇರುತ್ತೆ ಗೊತ್ತಾ? ಛಾವಣಿ ಎಲ್ಲ ನೀಲಿ, ಕಿಟಕಿ ಒಂದೊಂದಾಗಿ ಹಳದಿ. ನೋಡಿದ್ದನ್ನ ಯಾರಿಗಾದ್ರೂ ತೋರಿಸ್ಬೇಕು ಅನ್ಸುತ್ತಲ್ಲ…”

“ತೋರಿಸಿ ಮತ್ತೆ,” ಅಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಮಹಡಿಯ ಮೇಲೆ ಮನೆ ಮಾಡಿಕೊಂಡಿದ್ದ ಅಕ್ಕ, ಟೀ ಹೊತ್ತಿಗೆ ಇಳಿದು ಬಂದು ಬನ್ನು ಮುರಿದು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು, “ಅಲ್ವೇ, ಒಬ್ಬ ಗಿರಾಕಿಯ ಲೆನ್ಸು ದಿನಕ್ಕೆ ಎಷ್ಟು ಸಲ ಒರೆಸ್ಕೊಡ್ತೀಯೇ? ಗಾಜು ಸವೆದು ಹೋದೀತು.”

“ನೀನು ಸುಮ್ನೆ ಬನ್ ತಿನ್ನು.”

“ತಿಂತಿದ್ದೀನಲ್ಲ. ನಿನ್ನ ಪುಣ್ಯದಲ್ಲಿ.”

ಕೆಲವು ವಾರ ಕಳೆದ ಮೇಲೆ ಅವನಿಗೆ ಎರಡನೆಯ ಲೆನ್ಸ್ ಬೇಕೆನಿಸಿತು. ಹೊಸದಾಗಿ ಕ್ಯಾಮೆರಾ ಹಿಡಿದ ಎಲ್ಲರಿಗೂ ಹತ್ತುವ ಜ್ವರ ಅದು. ಆರಿಸಿಕೊಡಲು ಬನ್ನಿ ಎಂದು ಅವಳನ್ನೂ ಕರೆದುಕೊಂಡು ಪಕ್ಕದ ಅಂಗಡಿಗೆ ಹೋದ.

ಮಾಮ ಕನ್ನಡಕವನ್ನು ಹಣೆಗೇರಿಸಿ ಹೇಳಿದರು, “ಇರೋ ಲೆನ್ಸನ್ನೇ ಚೆನ್ನಾಗಿ ಬಳಸು ಅಂದ್ರೆ ನನ್ನ ವ್ಯಾಪಾರ ಕೆಡುತ್ತೆ. ಆದ್ರೂ ಒಂದು ಮಾತು. ಹೊತ್ಕೊಂಡು ಓಡಾಡೋವಷ್ಟು ಹಗುರ ಇರೋದನ್ನ ತಗೋ. ಮನೇಲಿ ಕಪಾಟಿನಲ್ಲಿ ಕೂತ ಕ್ಯಾಮೆರಾ ಫೋಟೋ ತೆಗಿಯಲ್ಲ.” ಹಾಗೆಂದು ಎರಡು ಸೆಕೆಂಡ್ ಹ್ಯಾಂಡ್ ಲೆನ್ಸುಗಳನ್ನು ಮುಂದಿಟ್ಟರು. ಒಂದು ಫ್ಲಾಸ್ಕಿನಷ್ಟು ಉದ್ದದ ಝೂಮ್. ಇನ್ನೊಂದು ಅಂಗೈಯಲ್ಲಿ ಅಡಗುವ ಗುಂಡು ಲೆನ್ಸು.

“ಈ ಚಿಕ್ಕದರಲ್ಲಿ ಝೂಮ್ ಎಲ್ಲಿದೆ?”

“ನಿನ್ನ ಕಾಲಲ್ಲಿ,” ಅಂದರು ಮಾಮ. “ಮುಖ ದೊಡ್ಡದಾಗಿ ಬೇಕಾದ್ರೆ ನೀನೇ ನಡ್ಕೊಂಡು ಹತ್ತಿರ ಹೋಗ್ಬೇಕು.”

ಅವನು ಗುಂಡು ಲೆನ್ಸನ್ನು ಕೆಳಗಿಟ್ಟ. “ಜನರ ಹತ್ತಿರ ಹೋಗಿ, ಫೋಟೋ ತೆಗೀಲಾ ಅಂತ ಕೇಳೋಕೆ ನನಗೆ ನಾಲಿಗೆ ಏಳಲ್ಲ.”

“ಬ್ರೆಡ್ ಮಾರೋವಾಗ ಏಳುತ್ತಲ್ಲ?” ಅಂದಳು ಅವಳು.

“ಬ್ರೆಡ್ ಅವರೇ ಬಂದು ಕೇಳ್ತಾರೆ.”

“ನಂಗೇನೋ ಚಿಕ್ಕದೇ ಚೆನ್ನಾಗಿದೆ ಅನ್ಸುತ್ತೆ.”

“ನೋಡಪ್ಪ, ನಿಮ್ಮ ಮನೆಯವ್ರೇ ಹೇಳ್ತಿದ್ದಾರೆ,” ಅಂದರು ಮಾಮ, ಗೊತ್ತಿದ್ದೂ ಕೆಣಕುವವರಂತೆ.

“ಅಯ್ಯೋ, ನಾವು…” ಎಂದು ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಒಬ್ಬರು ಮುಗಿಸಲಿ ಎಂದು ಇನ್ನೊಬ್ಬರು ಕಾದರು. ಕೊನೆಗೆ ಯಾರೂ ಮುಗಿಸಲಿಲ್ಲ. ಅವನು ಝೂಮನ್ನೇ ಕೊಂಡ. ಕಿವಿ ಕೆಂಪು ಮಾಡಿಕೊಂಡು ಹೊರಬಿದ್ದ.

ಝೂಮ್ ಬಂದ ಮೇಲೆ ಅವನ ಚಿತ್ರಗಳಿಗೆ ರೆಕ್ಕೆ ಬಂತು. ಛಾವಣಿಯ ತುದಿಯ ಪಾರಿವಾಳ, ಎತ್ತರದ ಏಣಿಯ ಮೇಲೆ ಕಿಟಕಿ ಒರೆಸುವವನು, ಬೆಂಚಿನ ಮೇಲೆ ಒಂದೇ ಪೇಪರನ್ನು ಆಚೆಗೊಂದು ತುದಿ ಈಚೆಗೊಂದು ತುದಿ ಹಿಡಿದು ಓದುವ ಗಂಡ ಹೆಂಡತಿ. ಅವಳು ಒಂದೊಂದನ್ನೂ ಬಟನ್ ಒತ್ತಿ ನೋಡುತ್ತ, ಸೋಜಿಗಪಡುತ್ತ ಇದ್ದಳು. ಮತ್ತೊಮ್ಮೆ ಒತ್ತಿದಳು.

ಪರದೆಯ ಮೇಲೆ ಅವಳೇ ಇದ್ದಳು.

ಗಾಜಿನ ಬಾಗಿಲಾಚೆಯಿಂದ ತೆಗೆದದ್ದು. ಸಂಜೆಯ ಬೆಳಕು, ಮೇಜಿನ ಮೇಲೆ ಅರ್ಧ ಕುಡಿದ ಟೀ, ಕೆನ್ನೆಗೆ ಊರಿದ ಕೈ. ಎಡಗಣ್ಣು ತನ್ನ ಪಾಡಿಗೆ ತಾನು ಗೋಡೆಯ ಮೂಲೆಗೆ ಹೊರಟುಹೋಗಿತ್ತು.

“ಇದು ನಂಗೆ ತುಂಬಾ…” ಅವನು ಶುರು ಮಾಡಿದ.

“ಯಾವಾಗ ತೆಗೆದ್ರಿ?”

“ಮೊನ್ನೆ. ಎದುರಿನ ಫುಟ್‌ಪಾತಿಂದ.”

“ನನ್ನ ಕೇಳಿದ್ರಾ?”

ಅವನ ಮುಖ ಬಿಳಿಚಿಕೊಂಡಿತು. “ಇಲ್ಲ.”

“ಅಳಿಸಿ. ಅಳಿಸಿ ಇದನ್ನ! ಬೀದಿಯಾಚೆ ನಿಂತ್ಕೊಂಡು ಇಣುಕೋದಕ್ಕಾ ಆ ಝೂಮ್ ತಗೊಂಡಿದ್ದು? ಓರೆಗಣ್ಣಿನವಳು ಅಂತ ಎಲ್ಲರಿಗೂ ತೋರಿಸ್ಕೊಂಡು ತಿರುಗಿ, ಹೋಗಿ.”

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಅವನು ಅವಳೆದುರೇ ಚಿತ್ರ ಅಳಿಸಿದ. “ತಪ್ಪಾಯ್ತು,” ಅಂದ. ಒಂದು ಸಬೂಬೂ ಹೇಳಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಧ್ಯಾಹ್ನಗಳು ಹಿಗ್ಗಿ ಉದ್ದವಾದವು. ಬಾಗಿಲು ಕಿರ್ ಎಂದಾಗಲೆಲ್ಲ ಅವಳ ಕೈಯ ಸ್ಕ್ರೂ ಜಾರಿ ಬೀಳುತ್ತಿತ್ತು.

ಒಂದು ದಿನ ಅಕ್ಕ ತಡೆಯಲಾರದೆ ಎದುರಿಗೆ ಕೂತಳು. ಎಲ್ಲ ಕೇಳಿಸಿಕೊಂಡಳು. “ಕಣ್ಣು ಓಡಿದ್ದು ಅವನಿಗೆ ಕಂಡಿರುತ್ತಾ?”

“ಕಾಣದೆ ಇರುತ್ತಾ? ಅಷ್ಟುದ್ದದ ಲೆನ್ಸು.”

“ಕಂಡೂ ತೆಗೆದು, ನಿನಗೇ ತಂದು ತೋರಿಸ್ತಾನೆ ಅಂದ್ರೆ, ಅದರಲ್ಲಿ ಮುಚ್ಚಿಡೋದು ಏನಿದೆ ಅಂತ ಅವನಿಗೆ ಅನ್ಸೇ ಇಲ್ವಲ್ಲೇ.” ಅಕ್ಕ ಅವಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. “ಕೇಳದೆ ತೆಗೆದ, ಬೈದೆ. ಸರಿ. ಮಿಕ್ಕಿದ್ದು ಬೈದ್ಯಲ್ಲ, ಅದು ಅವನಿಗಾ? ಇಲ್ಲ, ಹಿಂದೆ ಯಾರಿಗೋ ಬೈಬೇಕಾಗಿದ್ದು ಇವನ ಮೇಲೆ ಬಿತ್ತಾ?”

ಅವಳು ಆಗಲೇ ಒರೆಸಿಟ್ಟಿದ್ದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದಳು.

ಆ ಸಂಜೆ ಬಾಗಿಲು ಹಾಕುವಾಗ ಪಕ್ಕದ ಅಂಗಡಿಯ ಶೋಕೇಸಿನತ್ತ ಕಣ್ಣು ಹೋಯಿತು. ಆ ಉದ್ದನೆಯ ಝೂಮ್ ಅಲ್ಲಿ ಮತ್ತೆ ಕೂತಿತ್ತು.

“ವಾಪಸ್ ಕೊಟ್ಟು ಚಿಕ್ಕದನ್ನ ತಗೊಂಡು ಹೋದ,” ಅಂದರು ಮಾಮ. “ಕೇಳೋದನ್ನ ಕಲೀಬೇಕು ಮಾಮ ಅಂದ. ಏನು ಕೇಳ್ಬೇಕೋ, ಯಾರನ್ನ ಕೇಳ್ಬೇಕೋ, ನಂಗಂತೂ ಹೇಳ್ಲಿಲ್ಲ.” ಹೇಳದಿದ್ದರೂ ಅವರ ಮೀಸೆಯ ಅಡಿಯಲ್ಲಿ ನಗು ಅಡಗಿತ್ತು.

ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಮನೆಯಿಂದ ಹೊರಬಿದ್ದಳು. ಅವನು ಹೇಳಿದ್ದು ನಿಜವೇ. ಛಾವಣಿಗಳೆಲ್ಲ ನೀಲಿ, ಬೀದಿಯಲ್ಲಿ ಯಾರೂ ಇಲ್ಲ, ಗಾಳಿಯ ತುಂಬ ಬೇಯುವ ಬ್ರೆಡ್ಡಿನ ಘಮ. ಆ ಘಮ ಹಿಡಿದುಕೊಂಡೇ ತಿರುವಿನವರೆಗೆ ನಡೆದು, ಬೇಕರಿಯ ಹಿಂಬಾಗಿಲಲ್ಲಿ ನಿಂತಳು. ಅವನು ಬೆನ್ನು ಹಾಕಿ ಓವನ್ನಿನಿಂದ ಟ್ರೇ ಎಳೆಯುತ್ತಿದ್ದ.

“ಅಂಗಡಿ ಇನ್ನೂ ತೆಗ್ದಿಲ್ಲ,” ಅಂದ ತಿರುಗದೆ.

“ನಂಗೆ ಬ್ರೆಡ್ ಬೇಡ.”

ಟ್ರೇ ಅವನ ಕೈಯಿಂದ ಜಾರುವುದರಲ್ಲಿತ್ತು. ಹೇಗೋ ಸಾವರಿಸಿಕೊಂಡು ಮೇಜಿನ ಮೇಲಿಟ್ಟ.

“ಕ್ಯಾಮೆರಾ ಇಲ್ಲಿದೆಯಾ?”

“ಇದೆ.”

“ಹಾಗಾದ್ರೆ ಕೇಳಿ.”

ಅವನು ಅರ್ಥವಾಗದೆ ನಿಂತ. ಅರ್ಥವಾದ ಮೇಲೆ ಓವನ್ನಿನ ಬಾಗಿಲು ಮುಚ್ಚಿ ಬಂದ. “ನಿಮ್ಮದೊಂದು ಫೋಟೋ ತೆಗೀಲಾ?”

“ಮೊದ್ಲು ನಾನೊಂದು ಹೇಳ್ತೀನಿ. ನಂಗೆ ದಣಿವಾದ್ರೆ ಎಡಗಣ್ಣು ಓಡುತ್ತೆ. ಇವತ್ತು ನಿದ್ದೇನೂ ಸರಿಯಾಗಿ ಬಂದಿಲ್ಲ.”

“ಗೊತ್ತು.”

“ಯಾವಾಗಿಂದ ಗೊತ್ತು?”

“ಮೊದಲ ದಿನದಿಂದ. ನೀವು ಅಷ್ಟು ಹತ್ತಿರದಿಂದ ನನ್ನ ಕಣ್ಣು ನೋಡ್ತಿದ್ರಿ. ನಾನೇನು ಗೋಡೆ ನೋಡ್ತಿದ್ನಾ?”

ಅವಳಿಗೆ ನಗು ಬಂತು. ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಳು. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು ಕ್ಯಾಮೆರಾ ಎತ್ತಿದ. ಒಂದು ಹೆಜ್ಜೆ ಮುಂದೆ ಬಂದ. ಸಾಲದೆನಿಸಿ ಇನ್ನೊಂದು ಹೆಜ್ಜೆ ಬಂದ. ಓವನ್ನಿನ ಶಾಖ ಅವನ ಅಂಗಿಯಿಂದ ಅವಳ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು ನಿಂತ. ಅವಳು ಬಗ್ಗಲಿಲ್ಲ, ಮುಖ ತಿರುಗಿಸಲಿಲ್ಲ. ಕಣ್ಣು ಎಲ್ಲಿಗಾದರೂ ಹೋಗಿಕೊಳ್ಳಲಿ ಎಂದು ಬಿಟ್ಟುಬಿಟ್ಟಳು.

ಕ್ಲಿಕ್.

“ಫೋಟೋ ಸರಿಯಾಗಿ ಬಂದಿರ್ಲಿಕ್ಕಿಲ್ಲ,” ಅವನು ಕ್ಯಾಮೆರಾ ಇಳಿಸಿದ. “ಕೈ ನಡುಗ್ತಿದೆ.”

“ಯಾಕೆ?”

“ಯಾಕೆ ಅಂದ್ರೆ…” ಅವನು ಹಿಟ್ಟಿನ ಚೀಲಕ್ಕೆ ಹೇಳುವವನಂತೆ ಅತ್ತ ನೋಡುತ್ತ ಅಂದ, “ಮೊದ್ಲು ಫೋಟೋ ತೋರಿಸೋಕೆ ಅಂತ ಬರ್ತಿದ್ದೆ. ಆಮೇಲಾಮೇಲೆ, ಬರೋಕೊಂದು ನೆಪ ಇರ್ಲಿ ಅಂತ ಫೋಟೋ ತೆಗೀತಿದ್ದೆ. ನಂಗೆ ನೀವಂದ್ರೆ ಇಷ್ಟ. ತುಂಬಾ.”

“ಹಿಟ್ಟಿನ ಚೀಲಕ್ಕಾ ಹೇಳ್ತಿರೋದು?”

ಅವನು ತಿರುಗಿದ. ನೇರ ಅವಳ ಕಣ್ಣನ್ನೇ ನೋಡಿ, ಅದೇ ಮಾತನ್ನು ಮತ್ತೆ ಹೇಳಿದ.

ಅವಳು ಕ್ಯಾಮೆರಾ ಇಸಿದುಕೊಂಡು ನೋಡಿದಳು. ಚಿತ್ರ ಅಂಚಿನಲ್ಲಿ ಕೊಂಚ ಅದುರಿತ್ತು. ಬಲಗಣ್ಣು ಅವನನ್ನು ನೋಡುತ್ತಿತ್ತು, ಎಡಗಣ್ಣು ಬ್ರೆಡ್ಡುಗಳನ್ನು. ನಡುವೆ ಒಂದು ನಗು, ಅವಳು ಕನ್ನಡಿಯಲ್ಲೂ ಕಂಡಿರದಂಥದ್ದು.

“ಇದನ್ನ ಅಳಿಸ್ಬೇಡಿ,” ಅಂದಳು. ಕ್ಯಾಮೆರಾ ವಾಪಸ್ ಕೊಡುತ್ತ, “ಮನೇಲಿ ಅಕ್ಕ ಟೀ ಮಾಡ್ತಿರ್ತಾಳೆ. ಬರ್ತೀರಾ?”

“ಏನಂತ ಬರ್ಲಿ? ಅವರು ಕೇಳಿದ್ರೆ?”

“ನಾನೇ ಕರ್ಕೊಂಡು ಬಂದೆ ಅಂತೀನಿ. ನಂಗೂ ಇಷ್ಟ ಇಲ್ದೆ ಈ ಹೊತ್ತಲ್ಲಿ ಎದ್ದು ಬಂದೆ ಅನ್ಕೊಂಡ್ರಾ?” ಎಂದು ಅವನ ಹಿಟ್ಟಿನ ಕೈಯನ್ನು ಹಿಡಿದುಕೊಂಡಳು.

ಒಳಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ ಕೆಲಸದವರಿಗೆ ಓವನ್ ನೋಡಿಕೊಳ್ಳಲು ಹೇಳಿ, ಏಪ್ರನ್ ಬಿಚ್ಚುವುದನ್ನೂ ಮರೆತು ಅವನು ಹೊರಟ. ಇಬ್ಬರೂ ಕೈ ಬಿಡದೆ, ಆಗಷ್ಟೇ ಏಳುತ್ತಿದ್ದ ಬೀದಿಯ ನಟ್ಟನಡುವೆ ನಡೆದುಹೋದರು.