ಕ್ವಿಸ್ಟ್ ಮನೆಯ ಎರಡು ಮದ್ದಿನ ಡಬ್ಬಿ

ಮೊಂಟಾನಾದ ಪೂರ್ವ ಸೀಮೆಯನ್ನು ಆಗ ಒಂದು ಘನಗಂಭೀರ ಪ್ರಶ್ನೆ ಕಾಡುತ್ತಿತ್ತು. ಕೆಂಪು ಚೀಟಿಯ, ಸೀಲು ಒಡೆಯದ, ಮುತ್ತಜ್ಜಂದಿರ ಕಾಲದ, ಕೋವಿಗೆ ತುಂಬುವ ಕರಿಮದ್ದಿನ ತಗಡಿನ ಡಬ್ಬಿ ಇಲ್ಲಿ ಇರಬೇಕಾದದ್ದು ಒಂದೋ, ಎರಡೋ?

ನಗಬೇಡಿ. ಆ ಪ್ರಶ್ನೆಯ ದೆಸೆಯಿಂದಲೇ ನನ್ನ ಪಕ್ಕೆಗೆ ಕೋವಿಯ ನಳಿಗೆ ಒತ್ತಿಕೊಂಡಿತ್ತು.

"ಡಬ್ಬಿ ಕೆಳಗಿಡು ಗಸ್," ಎಂದ ಮರ್ಲ್ ಕ್ವಿಸ್ಟ್. "ಮೆತ್ತಗೆ. ಆಮೇಲೆ ಕೈ ಮೇಲೆತ್ತು."

ಮೊದಲು ಡಬ್ಬಿ, ಆಮೇಲೆ ಕೈ. ಅವನಿಗೆ ಯಾವುದು ಮುಖ್ಯ ಅನ್ನುವುದು ಗೊತ್ತಾಯಿತು.

ನಾನು ಒಂದು ಕಾಲದಲ್ಲಿ ಶೆರಿಫ್ ಕಚೇರಿಯಲ್ಲಿ ಪೊಲೀಸನಾಗಿದ್ದವನು. ಈಗ ಸಂಗ್ರಹದ ಹುಚ್ಚು ಹಿಡಿದವರಿಗೆ ಬೇಕಾದದ್ದನ್ನು ಒದಗಿಸುತ್ತೇನೆ. ಹಾರಿಸಿದ ತೋಟಾದ ಖಾಲಿ ಚಿಪ್ಪಿಗೆ ಮತ್ತೆ ಕೇಪು, ಮದ್ದು, ಗುಂಡು ತುಂಬುವ ಹಳೇ ಇಕ್ಕಳ, ಸೀಸದ ಅಚ್ಚು, ಹಾಳೆ ಉದುರುವ ಕೈಪಿಡಿ... ಅಜ್ಜಂದಿರು ಚಳಿಗಾಲ ಕಳೆಯುತ್ತಿದ್ದ ಸಾಮಾನು. ಈಗ ಯಾರೂ ಅದನ್ನು ಬಳಸುವುದಿಲ್ಲ. ಬಳಸಿದರೆ ಬೆಲೆ ಹೋಯಿತು. ಮದ್ದಿನ ಡಬ್ಬಿಯನ್ನಂತೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಬಹುದು, ಅಷ್ಟೆ. ಮುಚ್ಚಳದ ಕಾಗದ ಹರಿಯಿತೋ, ಅದು ಬರೀ ತಗಡು.

ನನ್ನನ್ನು ಕಳಿಸಿದ್ದವನು ಮರ್ಲ್‌ನ ಅಕ್ಕನ ಗಂಡ, ಡ್ವೇನ್. ಹಳ್ಳದ ಆಚೆ ದಡದಲ್ಲಿ ಅವನ ಮನೆ. ಮರ್ಲ್‌ನ ಅಪ್ಪ ಸಾಯುವಾಗ ತನ್ನ ಅಂಗಡಿಯ ಎರಡು ಡಬ್ಬಿಗಳಲ್ಲಿ ಒಂದನ್ನು ಮಗನಿಗೆ, ಒಂದನ್ನು ಅಳಿಯನಿಗೆ ಕೊಟ್ಟಿದ್ದ. ಇಬ್ಬರಿಗೂ ಸಮ. ಅದೇ ತಪ್ಪಾಯಿತು.

"ಅವನ ಡಬ್ಬಿ ಇಲ್ಲದ ಹಾಗಾಗ್ಬೇಕು," ಅಂದಿದ್ದ ಡ್ವೇನ್. ತಟ್ಟೆಯಲ್ಲಿ ಜಿಂಕೆ ಮಾಂಸ ತಣ್ಣಗಾಗುತ್ತಿತ್ತು. "ಕದಿ, ತುಳಿ, ಏನಾದ್ರೂ ಮಾಡು. ನಂದು ಒಂದೇ ಉಳೀಬೇಕು."

"ನಾನು ಆ ದನದ ಡಾಕ್ಟರ್ ಜೊತೆ ಕುಣಿದಾಗ್ಲೂ ಇಷ್ಟು ಉರ್ಕೊಂಡಿರ್ಲಿಲ್ಲ ಇವ್ರು," ಎಂದಳು ಅವನ ಹೆಂಡತಿ ಆರ್ಡಿಸ್.

ಹಾಗೆ ಬಂದು ಮರ್ಲ್‌ನ ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದಿದ್ದೆ.

"ಡ್ವೇನ್ ಕಳಿಸಿದ್ನಾ?"

"ಯಾವ ಡ್ವೇನ್?"

ನಳಿಗೆ ಇನ್ನಷ್ಟು ಒತ್ತಿತು.

"ಹೌದು, ಅದೇ ಡ್ವೇನ್."

ಕೈ ಮೇಲಿತ್ತು. ಕೆಲಸಕ್ಕೆ ಉಳಿದದ್ದು ಬಾಯಿ ಒಂದೇ.

"ಕದಿಯೋಕಲ್ಲ ಮರ್ಲ್. ಪರೀಕ್ಷೆಗೆ. ನಿನ್ನ ಡಬ್ಬೀಲಿ ಮರಳಿದೆಯಂತೆ."

"ಏನಂದೆ?"

"ನಿಮ್ಮಪ್ಪ ಮದ್ದನ್ನ ಬೇಟೆಗೆ ಖಾಲಿ ಮಾಡಿ, ಮರಳು ತುಂಬಿ, ಕಾಗದ ಮತ್ತೆ ಅಂಟಿಸಿದ್ರಂತೆ. ಒಳ್ಳೇದನ್ನ ಅಳಿಯನಿಗೆ ಕೊಟ್ರಂತೆ. ಮಗನಿಗೆ ಇದು ಸಾಕು ಅಂದ್ರಂತೆ."

ಅರವತ್ತು ದಾಟಿದವನ ಮುಖ ಶಾಲೆ ಹುಡುಗನ ಮುಖವಾಯಿತು.

"ನಮ್ಮಪ್ಪ ಹಾಗನ್ನಲ್ಲ."

"ನಾನೂ ಅದನ್ನೇ ಹೇಳ್ದೆ. ಡ್ವೇನ್ ನಕ್ಕ."

ಮರ್ಲ್ ಕೋವಿ ಗೋಡೆಗೆ ಒರಗಿಸಿದ. ಚಾಕು ತೆಗೆದ. ಕಾಗದ ಸೀಳಿದ. ಮುಚ್ಚಳ ತಿರುಗಿಸಿ ಅಂಗೈ ಮೇಲೆ ಸುರಿದುಕೊಂಡ.

ಕಪ್ಪು ಸಾಸಿವೆಯ ಹಾಗೆ ಮಿರಮಿರನೆ ಕಾಳು. ಅಪ್ಪಟ ಮದ್ದು.

"ನೋಡಿದ್ಯಾ?" ಎಂದ ಮರ್ಲ್. ಕಣ್ಣು ತುಂಬಿತ್ತು. ಆಮೇಲೆ ಹರಿದ ಕಾಗದ ಕಣ್ಣಿಗೆ ಬಿತ್ತು.

ನಾನು ಅಷ್ಟರಲ್ಲಿ ಓಡುತ್ತಿದ್ದೆ.

ಬೇಲಿ ಹಾರಿದೆ. ಪ್ಯಾಂಟು ಹರಿಯಿತು. ಪಿಕಪ್ ಹತ್ತಿ ಜಲ್ಲಿ ರಸ್ತೆಗೆ ಬಿದ್ದೆ. ಹಿಂದೆ ಅವನ ಗಾಡಿ. ಕನ್ನಡಿಯ ತುಂಬ ಧೂಳು, ಧೂಳಿನೊಳಗೆ ಅವನ ಟೋಪಿ. ದನದ ಗೇಟು ಮುಚ್ಚಿತ್ತು. ಬ್ರೇಕ್ ತುಳಿದೆ. ಅವನ ಬಂಪರು ನನ್ನ ಗಾಡಿಯ ಬೆನ್ನಿಗೆ ಬಂದು ನಿಂತಿತು.

"ಇಳಿ."

ಇಳಿದೆ.

"ಒಡೆಸಿದ್ದು ನೀನು. ಇನ್ನು ಅದನ್ನ ಇಟ್ಕೊಂಡು ಏನು ಮಾಡ್ಲಿ? ಬಾ, ಕೂತು ತೋಟಾ ತುಂಬು."

ಹಾಗೆ ಮಧ್ಯಾಹ್ನವೆಲ್ಲ ಅವನ ಅಪ್ಪನ ಇಕ್ಕಳ ಹಿಡಿದು ಕೂತೆ. ಮರ್ಲ್ ಕೈಪಿಡಿ ತೆರೆದು ಗಟ್ಟಿಯಾಗಿ ಓದಿದ. ನಾನು ತುಂಬಿದೆ. ಅವನು ಅಜ್ಜನ ಕೋವಿ ಎತ್ತಿ ಗುಡ್ಡಕ್ಕೆ ಗುರಿಯಿಟ್ಟ. ಢಮ್ಮೆಂದಿತು. ಬಿಳಿ ಹೊಗೆ ಹಳ್ಳದ ಮೇಲೆ ಹಾಸಿಕೊಂಡಿತು. ಪ್ರತಿ ಈಡಿಗೂ ಒಬ್ಬನೇ ನಗುತ್ತಿದ್ದ. ನನಗೂ ಹೊಟ್ಟೆ ಉರಿಯಿತು. ನಮ್ಮಪ್ಪ ನನಗೆ ಬಿಟ್ಟುಹೋದದ್ದು ಬೋಳುತಲೆ ಮಾತ್ರ.

ಹೊಗೆ ಕಂಡು ಡ್ವೇನ್ ಬಂದ. ಹರಿದ ಕಾಗದ ನೋಡಿದ. ಗೆದ್ದಿದ್ದ. ಮುಖ ಮಾತ್ರ ಮಂದೆ ಕಳೆದುಕೊಂಡವನ ಹಾಗಿತ್ತು.

"ಹೇಗಿತ್ತು?" ಎಂದ ಕೊನೆಗೆ.

"ಏನು?"

"ಒಡೆದಾಗ... ವಾಸನೆ."

"ಅಪ್ಪನ ಅಂಗಡಿ ವಾಸನೆ," ಎಂದ ಮರ್ಲ್, ಕೋವಿ ಒರೆಸುತ್ತಾ. "ನಿಂಗೆ ಹೇಳಿದ್ರೆ ತಿಳಿಯಲ್ಲ ಭಾವ. ನೀನು ಆಮೇಲೆ ಬಂದವನು."

ಡ್ವೇನ್ ಕೋವಿಯತ್ತ ಕೈ ಚಾಚಿದ. "ನಾನೂ ಒಂದು ಹೊಡೀಲಾ?"

"ನಿಂದೇ ಇದೆಯಲ್ಲ, ಮನೇಲಿ."

ಡ್ವೇನ್ ಗಾಡಿ ಹತ್ತಿದ. ಹೋಗುವ ರೀತಿ ನನಗೆ ಹಿಡಿಸಲಿಲ್ಲ. ಹಿಂದೆಯೇ ಹೋದೆ.

ತಡವಾಗಿತ್ತು. ಆರ್ಡಿಸ್ ಬಾಗಿಲಲ್ಲೇ ತಡೆದಳು.

"ಒಳಗೆ ಹೋಗ್ಬೇಡ. ಊಟದ ಮೇಜಿನ ಮೇಲೇ ಒಡೆದ್ರು."

"ಮದ್ದು?"

"ಇಟ್ಟಿಗೆ ಆಗಿದೆ. ಅಡಿ ತುಕ್ಕು ಹಿಡಿದು ಯಾವಾಗ್ಲೋ ನೀರು ಹೋಗಿದೆ."

"ಅಲ್ಲಾಡಿಸಿದ್ರೆ ಸದ್ದು ಬರ್ತಿತ್ತಾ?"

"ಇಲ್ಲ. ಕಂಠಮಟ್ಟ ತುಂಬಿದೆ, ಅದಕ್ಕೇ ಸದ್ದಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರು."

ಅವಳ ಹೆಗಲ ಮೇಲಿಂದ ಇಣುಕಿದೆ. ಡ್ವೇನ್ ಆ ಕರಿಗಟ್ಟಿಯನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದ. ಮತ್ತೆ ಮತ್ತೆ ಮೂಸುತ್ತಿದ್ದ.

ಅವನೀಗ ಮದ್ದಿನ ಡಬ್ಬಿ ಬಿಟ್ಟು ಹಳೇ ಮುಳ್ಳುತಂತಿಯ ತುಂಡು ಸಂಗ್ರಹಿಸುತ್ತಿದ್ದಾನೆ. ಹೋದ ವಾರ ಮರ್ಲ್ ಕೂಡ ಶುರು ಮಾಡಿದ.