ಅವಳು ಯಾರಿಗೂ ಹೇಳದ ಹೋಟೆಲ್

"ಊರಿನ ಹೋಟೆಲ್‌ಗಳನ್ನೆಲ್ಲ ಹೊಗಳ್ತೀರಿ. ನಮ್ಮದನ್ನ ಮಾತ್ರ ಯಾಕೆ ಹೇಳಲ್ಲ?"

ಕೋಟೆಯ ಗೋಡೆಯ ಮೇಲೆ, ಹದಿನಾಲ್ಕು ಪ್ರವಾಸಿಗರ ಎದುರೇ ಅವನು ಕೇಳಿದ. ಸೊಂಟದ ಏಪ್ರನ್ ಕೂಡ ಬಿಚ್ಚದೆ ಮೆಟ್ಟಿಲು ಹತ್ತಿ ಬಂದಿದ್ದ. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

ಅವಳು ತೋರಿಸುತ್ತಿದ್ದ ಫಿರಂಗಿಯತ್ತ ಮುಖ ತಿರುಗಿಸಿಕೊಂಡಳು.

ಅವಳು ಆ ಹಳೆಯ ಕಡಲೂರಿನ ಗೈಡ್. ಫಿರಂಗಿ, ದೀಪಸ್ತಂಭ ಎಲ್ಲ ತೋರಿಸಿ ಮುಗಿಸುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ, ಊಟಕ್ಕೆ ಎಲ್ಲಿ ಹೋಗೋಣ ಅಂತ. ಅವಳು ಬೆರಳು ಮಡಚುತ್ತಾ ಹೇಳುತ್ತಿದ್ದಳು. ಮೀನಿಗೆ ಬಂದರಿನ ಪಕ್ಕ, ಸೂಪಿಗೆ ಗಡಿಯಾರದ ಗೋಪುರದ ಹಿಂದೆ, ಮಕ್ಕಳಿದ್ದರೆ ಮೆಟ್ಟಿಲ ಬೀದಿ... ಕೋಟೆ ಬಾಗಿಲಿಗೆ ಅಂಟಿಕೊಂಡಿದ್ದ ಅವನ ಆರು ಮೇಜಿನ ಹೋಟೆಲ್ ಮಾತ್ರ ಯಾವ ಬೆರಳಿಗೂ ಸಿಗುತ್ತಿರಲಿಲ್ಲ.

ತಮಾಷೆಯೆಂದರೆ, ಎರಡು ವರ್ಷದಿಂದ ಅವಳು ದಿನಾ ಉಣ್ಣುವುದು ಅಲ್ಲೇ!

ಆಮೇಲೆ ಮಾತಾಡೋಣ ಎಂದಳು ಮೆಲ್ಲಗೆ.

"ಆಮೇಲೆ ಅಂದ್ರೆ? ಶನಿವಾರ ಬಾಗಿಲು ಹಾಕ್ತಿದ್ದೀನಿ. ಅಕ್ಕನ ಊರಲ್ಲಿ ಕ್ಯಾಂಟೀನ್ ಕೆಲಸ ಇದೆಯಂತೆ. ನನ್ನ ಅಡುಗೆ ನಾಲ್ಕು ಜನಕ್ಕೆ ಹೇಳೋ ಹಾಗಿಲ್ಲ ಅನ್ನೋದಾದ್ರೆ ಮುಖಕ್ಕೇ ಹೇಳ್ಬಹುದಿತ್ತು."

ಅವನು ಇಳಿದು ಹೋದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವಳು ಎರಡನ್ನೂ ಬಲ್ಲವಳು, ಆದರೂ ಜಗಳ ಮೆಟ್ಟಿಲು ಹತ್ತಿ ಬಂದಿತ್ತು. ಆ ಗಲಿಬಿಲಿಯಲ್ಲಿ ಪ್ರವಾಸಿಗರಿಗೆ ಕತೆ ಮುಂದುವರಿಸುತ್ತಾ, ಕೋಟೆ ಕಟ್ಟಿದ ರಾಜನನ್ನು ಅವನ ಮಗನಿಗೇ ಮಗನನ್ನಾಗಿ ಮಾಡಿಬಿಟ್ಟಳು. ಪುಣ್ಯಕ್ಕೆ ಯಾರಿಗೂ ತಿಳಿಯಲಿಲ್ಲ.

ನಿಜ ಅವಳೊಬ್ಬಳಿಗೇ ಗೊತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಅವನು ತಟ್ಟೆ ತಂದಿಟ್ಟು, ಬೀನ್ಸ್ ಬಿಡಿಸುತ್ತಾ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ. ಕಡಲಿನ ಬೆಳಕು ಕಿಟಕಿಯಿಂದ ಬಂದು ಒಳಚಾವಣಿಯಲ್ಲಿ ತೂಗಾಡುತ್ತಿತ್ತು. ಅವನು ಏನೇನೋ ಹೇಳುತ್ತಿದ್ದ, ಇವಳು ಹೂಂ ಎನ್ನುತ್ತಿದ್ದಳು. ಬೆಳಗಿನಿಂದ ಮಾತಾಡಿ ದಣಿದವಳಿಗೆ ಸುಮ್ಮನೆ ಕೂರಲು ಇದ್ದ ಜಾಗ ಅದೊಂದೇ. ಜನ ತುಂಬಿದರೆ ಅವನೆಲ್ಲಿ ಕೂರುತ್ತಾನೆ?

'ನನ್ನ ಒಂದು ಗಂಟೆಗೋಸ್ಕರ ಅವನ ಒಲೆಯನ್ನೇ ಆರಿಸಿಬಿಟ್ಟೆನಲ್ಲ...' ಮನೆಗೆ ಹೋಗುವ ದಾರಿಯುದ್ದಕ್ಕೂ ಇದೇ ಕೊರೆಯಿತು.

ಮರುದಿನ ಅವಳು ಎರಡು ತಂಡಗಳನ್ನು ಒಟ್ಟಿಗೇ ಅಲ್ಲಿಗೆ ಕರೆತಂದಳು. ಮೂವತ್ತೊಂದು ಜನ! ಮೇಜು ಸಾಲದೆ ಕೆಲವರು ಕೋಟೆಯ ಕಟ್ಟೆಯ ಮೇಲೆ ಕೂತು ತಿಂದರು. ಅವನ ಅಮ್ಮ, ಇದೇನು ಮದುವೆ ಮನೆಯೇ ಎಂದು ಗೊಣಗುತ್ತಲೇ ಈರುಳ್ಳಿ ಹೆಚ್ಚಿದರು. ಅವನು ಇವಳ ಕಡೆ ತಿರುಗಿಯೂ ನೋಡಲಿಲ್ಲ. ಇವಳು ಅಂಗಿಯ ತೋಳು ಮಡಚಿ ತಟ್ಟೆ ತೊಳೆಯಲು ನಿಂತಳು.

ನಾಲ್ಕು ಗಂಟೆಗೆ ಕೊನೆಯವರು ಹೋದ ಮೇಲೆ ಅವನು ಹಿಂದೆ ಬಂದು ನಿಂತ.

"ಕನಿಕರಕ್ಕೆ ಕರ್ಕೊಂಡು ಬಂದ್ರಾ?"

"ಅಲ್ಲ." ಅವಳು ನಲ್ಲಿ ನಿಲ್ಲಿಸಿದಳು. "ಇಷ್ಟು ದಿನ ಕರ್ಕೊಂಡು ಬರದೇ ಇದ್ದದ್ದು ಸ್ವಾರ್ಥಕ್ಕೆ. ಜನ ಇಲ್ಲದಿದ್ರೆ ನೀವು ನನ್ನ ಹತ್ರ ಕೂರ್ತಿದ್ರಿ. ಅದನ್ನ ಹಂಚ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಹೊಟ್ಟೆ ಮೇಲೆ ಹೊಡೆದೆ... ತಪ್ಪಾಯ್ತು."

ಅವನು ತೊಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ.

"ಆಗಲೇ ಅಕ್ಕನಿಗೆ ಫೋನ್ ಮಾಡಿ ಬರಲ್ಲ ಅಂದೆ," ಎಂದ ಕೊನೆಗೆ.

"ಜನ ಬಂದ್ರು ಅಂತ?"

"ನೀವು ತಟ್ಟೆ ತೊಳೀತಾ ನಿಂತಿದ್ರಿ. ಅದನ್ನ ನೋಡಿದ ಮೇಲೆ ಎಲ್ಲಿಗೆ ಹೋಗ್ಲಿ ನಾನು?"

ಅವಳ ಕಣ್ಣು ತುಂಬಿತು. ನಾಳೆಯಿಂದ ದಿನಾ ಜನರನ್ನು ಕಳಿಸುತ್ತೇನೆ, ಆದರೆ ಎರಡು ಗಂಟೆಗೆ ನಿಮಗೆ ಕೂರಲು ಬಿಡುವಿರುವುದಿಲ್ಲ ಎಂದಳು.

"ಬೆಳಿಗ್ಗೆ ಐದೂವರೆಗೆ ಮೀನು ತರೋಕೆ ಬಂದರಿಗೆ ಹೋಗ್ತೀನಿ. ಕಡಲ ಪಕ್ಕದಲ್ಲೇ ಅರ್ಧ ಗಂಟೆ ದಾರಿ. ಜೊತೆಗೆ ಬರ್ತೀಯಾ?"

"ಅಷ್ಟು ಹೊತ್ತಿಗೆ ನಂಗೆ ಮಾತೇ ಬರಲ್ಲ."

"ನೀನು ಸುಮ್ಮನೆ ನಡಿ, ಸಾಕು. ಆದ್ರೆ ಅಷ್ಟು ಬೇಗ ಎದ್ದೇಳ್ತೀಯಾ?"

ಅವಳು ಒದ್ದೆ ಕೈಯಲ್ಲೇ ಅವನ ಕೈ ಹಿಡಿದಳು.

"ಇವತ್ತು ನಿದ್ದೆ ಬಂದ್ರೆ ತಾನೇ, ಏಳೋ ಮಾತು..."